ಅಪ್ಪನಿಗೆ ಅಪ್ರೈಸಲ್ ಇಲ್ಲ

ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಏಪ್ರಿಲ್ ಬಂತೆಂದರೆ ಮಳೆಗಿಂತ ಮೊದಲು ಅಪ್ರೈಸಲ್ ಸುರಿಯುತ್ತದೆ. ಶೇಕಡಾ 10 ಹೈಕ್ ಸಿಕ್ಕವನು ಶೇಕಡಾ 12 ಸಿಕ್ಕವನಿಗೆ ಶಾಪ ಹಾಕುತ್ತ ಕೆರೆಯ ಸುತ್ತ ವಾಕಿಂಗ್ ಮಾಡುತ್ತಾನೆ. ಹುದ್ದೆಯ ಹಿಂದೆ ಸೀನಿಯರ್, ಲೀಡ್, ಪ್ರಿನ್ಸಿಪಲ್ ಎಂಬ ಯಾವುದಾದರೊಂದು ಬಾಲಂಗೋಚಿ ಅಂಟದಿದ್ದರೆ ಆ ವರ್ಷ ಬದುಕಿದ್ದೇ ದಂಡ. ಇಂಥ ಊರಿನ ಒಬ್ಬ ಎಚ್‌ಆರ್ ಮ್ಯಾನೇಜರ್ ಎದುರು ಕನ್ನಡದ ಪೋಷಕ ನಟನೊಬ್ಬನ ಬಯೋಡೇಟಾ ಇಟ್ಟರೆ ಹೇಗಿರುತ್ತದೆ? ಇಟ್ಟೇ ನೋಡೋಣ.

ಹೆಸರು: ಕೆ.ಎಸ್. ಅಶ್ವಥ್. ಜನನ: 1925. ಮೊದಲ ಚಿತ್ರ: ‘ಸ್ತ್ರೀರತ್ನ’, 1955. ಅದಕ್ಕೂ ಮೊದಲು ಸರ್ಕಾರಿ ನೌಕರಿ. ಎಚ್‌ಆರ್ ಇಲ್ಲಿಗೇ ಪೆನ್ನು ಕೆಳಗಿಟ್ಟರು. ‘ಪಿಂಚಣಿ ಬರೋ ಕೆಲಸ ಬಿಟ್ಟು ಬಂದ್ರಾ ಸಾರ್? ಜಾಯ್ನಿಂಗ್ ಬೋನಸ್ ಎಷ್ಟು ಕೊಟ್ರು?’

ಅನುಭವ: 300ಕ್ಕೂ ಹೆಚ್ಚು ಚಿತ್ರ. ಹುದ್ದೆ: ಅಪ್ಪ. ಬಡ್ತಿ: ತಾತ. ಬಡ್ತಿಯ ಜೊತೆ ಸಿಕ್ಕ ಸೌಲಭ್ಯ: ಬಿಳಿ ವಿಗ್ಗು.

ಈ ಅಪ್ಪ ಪರದೆಯ ಮೇಲಿನ ಮಗ ರಾಜ್‌ಕುಮಾರ್‌ಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೇನು, ನಮ್ಮ ಚಿತ್ರರಂಗದಲ್ಲಿ ಪ್ರಾಯ ಆಗುವುದು ಪೋಷಕರಿಗೆ ಮಾತ್ರ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್ ಅವರಿಗೆ ಜೋಡಿಯಾದ ಪಂಢರಿಬಾಯಿ 1986ರ ‘ಅನುರಾಗ ಅರಳಿತು’ ಹೊತ್ತಿಗೆ ಅದೇ ನಾಯಕನಿಗೆ ತಾಯಿ. ಆ 32 ವರ್ಷಗಳಲ್ಲಿ ನಾಯಕ ನಾಯಕನಾಗಿಯೇ ಇದ್ದ. ನಾಯಕಿ ಮಾತ್ರ ಅವನನ್ನು ಹೆತ್ತಿದ್ದಳು! ಇಂಥ ಮರುಸಂಘಟನೆ ಯಾವ ಟೆಕ್‌ಪಾರ್ಕಿನಲ್ಲೂ ನಡೆದಿಲ್ಲವೆಂದು ಎಚ್‌ಆರ್ ಒಪ್ಪಿಕೊಂಡರು.

ಪೋಷಕ ನಟರ ಇಡೀ ಗುಂಪಿನಲ್ಲಿ ಎಚ್‌ಆರ್‌ಗೆ ಮೆಚ್ಚುಗೆಯಾದದ್ದು ಒಬ್ಬರೇ, ಬ್ಯಾಂಕ್ ಜನಾರ್ದನ್. ಬಣ್ಣ ಹಚ್ಚುತ್ತಲೇ ಬ್ಯಾಂಕಿನ ಕೆಲಸವನ್ನೂ ಮಾಡಿದವರು. ‘ಇವರೊಬ್ಬರಿಗೆ ರಿಸ್ಕ್ ಮ್ಯಾನೇಜ್‌ಮೆಂಟ್ ಗೊತ್ತಿತ್ತು’ ಎಂದು ಷರಾ ಬರೆದರು. ಮೂನ್‌ಲೈಟಿಂಗ್ ಬಗ್ಗೆ ಮಾತ್ರ ಒಂದು ಮೆಮೊ ಸಿದ್ಧವಾಯಿತು.

ಮತ್ತೆ ಅಶ್ವಥ್ ಅವರ ಬಯೋಡೇಟಾಕ್ಕೆ ಬಂದು, ಸಾಧನೆ ಏನೆಂದು ಕೇಳಿದರು. 1972ರ ‘ನಾಗರಹಾವು’, ಚಾಮಯ್ಯ ಮೇಷ್ಟ್ರು. ಆ ಚಿತ್ರದ ನಾಯಕ ರಾಮಾಚಾರಿ ಇಡೀ ಚಿತ್ರದುರ್ಗಕ್ಕೆ ಬಗ್ಗದವನು, ಮೇಷ್ಟ್ರೊಬ್ಬರಿಗೆ ಬಗ್ಗುತ್ತಾನೆ. ಮೇಷ್ಟ್ರನ್ನು ನಾವು ನಂಬಿದ್ದರಿಂದಲೇ ಹುಡುಗನ ಸಿಟ್ಟನ್ನೂ ನಂಬಿದೆವು. ಪೋಷಕ ನಟನ ಕೆಲಸವೇ ಅದು: ನಾಯಕ ದೊಡ್ಡವನಾಗಿ ಕಾಣುವಂತೆ ಎದುರು ನಿಲ್ಲುವುದು.

ರಾಮಾಚಾರಿಯಾಗಿದ್ದ ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಬೆಂಗಳೂರು ಬಾಗಿಲು ಹಾಕಿಕೊಂಡು ಅತ್ತಿತು, ಅಳಬೇಕಾದ್ದೇ. ಹತ್ತೊಂಬತ್ತು ದಿನ ಕಳೆದು, 2010ರ ಜನವರಿ 18ರಂದು, ಮೈಸೂರಿನಲ್ಲಿ ಮೇಷ್ಟ್ರು ಹೋದರು. ಅಂದು ಸೋಮವಾರ. ಹೊರವರ್ತುಲ ರಸ್ತೆಯ ಕ್ಯಾಬುಗಳು ವೇಳೆಗೆ ಸರಿಯಾಗಿ ಲಾಗಿನ್‌ಗೆ ಹೊರಟವು. ಶಿಷ್ಯನಿಗೆ ರಜೆ, ಗುರುವಿಗೆ ಡ್ಯೂಟಿ.

ಕೊನೆಗಾಲದಲ್ಲಿ ಅಶ್ವಥ್ ಅವರಿಗೆ ಹಣದ ಅಡಚಣೆಯಿತ್ತು. ಈಗ ಇಲ್ಲ. ರಾಜ್ಯ ಸರ್ಕಾರ ಪೋಷಕ ನಟನಿಗೆ ಕೊಡುವ ವಾರ್ಷಿಕ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟಿದೆ. ಇದ್ದಾಗ ಸಂಭಾವನೆಗೆ ಚೌಕಾಸಿ, ಹೋದ ಮೇಲೆ ಅವರ ಹೆಸರಿನಲ್ಲೇ ಇನ್ನೊಬ್ಬರಿಗೆ ಚೆಕ್ಕು. ಔದಾರ್ಯಕ್ಕೆ ನಮ್ಮಲ್ಲಿ ಬರವಿಲ್ಲ. ವಿಳಾಸ ಮಾತ್ರ ಸ್ವಲ್ಪ ತಪ್ಪುತ್ತದೆ.

ಎರಡನೆಯ ಬಯೋಡೇಟಾ ಟಿ.ಎನ್. ಬಾಲಕೃಷ್ಣ ಅವರದು. 500ಕ್ಕೂ ಹೆಚ್ಚು ಚಿತ್ರ. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಎದುರಿನವರ ಮಾತು ಮುಗಿಯುವುದಕ್ಕೂ ಬಾಲಣ್ಣನ ಮಾತು ಶುರುವಾಗುವುದಕ್ಕೂ ನಡುವೆ ಕೂದಲೆಳೆ ಅಂತರವಿಲ್ಲ. ಗಳಿಸಿದ್ದನ್ನು ಫ್ಲ್ಯಾಟಿಗೆ ಹಾಕುವ ಬದಲು, ಕೆಂಗೇರಿ ಕಡೆ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ‘20 ಎಕರೆ’ ಎಂಬುದು ಕಿವಿಗೆ ಬಿದ್ದದ್ದೇ ಎಚ್‌ಆರ್ ಎದ್ದು ನಿಂತು ಕೈ ಮುಗಿದರು. ದೊಡ್ಡನೆಕ್ಕುಂದಿಯಲ್ಲಿ ಕಲೆಗೆ ಯಾರೂ ಎದ್ದು ನಿಲ್ಲುವುದಿಲ್ಲ, ಎಕರೆಗೆ ನಿಲ್ಲುತ್ತಾರೆ.

ಬಾಲಣ್ಣ 1995ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೋ ಊರೆಲ್ಲ ಸುದ್ದಿಯಾದದ್ದು ವಿಷ್ಣುವರ್ಧನ್ ಅಂತ್ಯಸಂಸ್ಕಾರ ಅಲ್ಲಿ ನಡೆದ ಮೇಲೆ. ಸಮಾಧಿಯ ಜಾಗಕ್ಕಾಗಿ ವರ್ಷಗಟ್ಟಲೆ ಜಗ್ಗಾಟ. 2025ರ ಆಗಸ್ಟ್‌ನಲ್ಲಿ ಸಮಾಧಿಯೇ ನೆಲಸಮ. ಅಭಿಮಾನಿಗಳ ಸಂಕಟ ದಿಟವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೂ ಗಲಾಟೆಯಲ್ಲಿ ಸ್ಟುಡಿಯೋ ಕಟ್ಟಿದವನ ಕನಸು ಏನಾಯಿತೆಂದು ಕೇಳಿದವರು ಎಷ್ಟು ಜನ? ತನ್ನದೇ ಜಾಗದ ಕಥೆಯಲ್ಲೂ ಬಾಲಣ್ಣನಿಗೆ ಸಿಕ್ಕಿದ್ದು ಪೋಷಕ ಪಾತ್ರವೇ.

ಎಚ್‌ಆರ್ ಕೊನೆಗೆ ತೀರ್ಪು ಕೊಟ್ಟರು: ‘ಪ್ರತಿಭೆ ಸರಿ, ವಿಸಿಬಿಲಿಟಿ ಕಡಿಮೆ.’ ಅವರದು ತಪ್ಪಲ್ಲ. ಕಟೌಟ್ ನಿಲ್ಲಿಸುವವರು ನಾವು, ಹಾಲು ಸುರಿಯುವವರು ನಾವು, ತೆರೆಯ ಮೇಲೆ ಹೆಸರುಗಳು ಮೇಲೇರುವಾಗ ಪಾರ್ಕಿಂಗಿಗೆ ಓಡುವವರೂ ನಾವೇ.

ಆದ್ದರಿಂದ ನಿರ್ಮಾಪಕರಲ್ಲಿ ಒಂದು ಅರಿಕೆ: ಅಪ್ಪ, ಅವ್ವ, ಮೇಷ್ಟ್ರು, ಅಡುಗೆ ಭಟ್ಟ, ಎಲ್ಲರಿಗೂ ಶೂಟಿಂಗ್ ಮುಗಿದ ಸಂಜೆಯೇ ಹಣ ಕೊಡಿ, ವಿಮೆ ಮಾಡಿಸಿ, ಸಾಧ್ಯವಾದರೆ ಪಿಎಫ್ ಕಟ್ಟಿ. ಪ್ರಶಸ್ತಿಗೆ ಅವರ ಹೆಸರಿಡಲು ಸರ್ಕಾರಕ್ಕೆ ಆಮೇಲೆ ಬೇಕಾದಷ್ಟು ಸಮಯ ಇರುತ್ತದೆ.