ಆಸರಿಗೆ ನೀರು ಮಾತ್ರ ಬೇಡ!

ಅತ್ತ ಯಲ್ಲಾಪುರದ ಕೊಡಸಳ್ಳಿ ಅಣೆಕಟ್ಟು, ಇತ್ತ ಜಿಲ್ಲೆಯ ಗಡಿಯಲ್ಲಿ ಜೋಗ. ನಡುವೆ ಆಷಾಢದ ಮಳೆ, ಕರೆಂಟು ಹೋಗಿ ಎರಡನೇ ದಿನ. ಇನ್ವರ್ಟರ್ ಕೂಗಿ ಕೂಗಿ ಸುಮ್ಮನಾಗಿದೆ. ಸಿದ್ದಾಪುರದ ಅಡಿಕೆ ಬೆಳೆಗಾರರೊಬ್ಬರ ಮನೆಯ ಮೆತ್ತಿನಲ್ಲಿ, ಮೂರು ಶೆಲ್ಲಿನ ಹಳೇ ಟಾರ್ಚಿನೊಳಗೆ ವಾಸವಿರುವ ಶ್ರೀಮಾನ್ ಸತು ಅವರು ಮಾತಿಗೆ ಸಿಕ್ಕಿದರು.

ಬನ್ನಿ, ಆಸರಿಗೆ ಏನು ಕೊಡಲಿ? ನೀರು-ಬೆಲ್ಲ, ಮಜ್ಜಿಗೆ?

ನೀರಿನ ಹೆಸರೆತ್ತಬೇಡಿ ಮಾರಾಯ್ರೆ, ನನ್ನ ಸಂಸಾರ ಹಾಳು ಮಾಡಿದ್ದೇ ಅದು. ಮಜ್ಜಿಗೆಯಂತೂ ಬೇಡವೇ ಬೇಡ. ಹುಳಿ ತಾಗಿದರೆ ನನಗೆ ಗುಳ್ಳೆ ಏಳುತ್ತದೆ.

ಹೊಸ ರೀಚಾರ್ಜ್ ಬ್ಯಾಟರಿಯಲ್ಲಿ ನೀರಿನೊಳಗೇ ಬಿಡಾರವಂತೆ?

ಏನು ಮಾಡುವುದು, ನೀರು ಅಗ್ಗ, ಬೆಂಕಿಯ ಭಯವಿಲ್ಲ. ತೂಕಕ್ಕೆ ನಾನು ಲಿಥಿಯಂ ಎದುರು ಸೋಲುವವನೇ. ಜಾಗದ ಲೆಕ್ಕ ಹಾಕಿ ನೋಡಿ: ಒಂದು ಘನ ಸೆಂಟಿಮೀಟರಿಗೆ ನನ್ನದು 5855 ಮಿಲಿ ಆಂಪಿಯರ್-ಅವರ್, ಅವನದು 2060ರ ಆಸುಪಾಸು.

ಮತ್ತೆ ತಾಪತ್ರಯ ಎಲ್ಲಿ?

ವಾಪಸು ಬರುವುದರಲ್ಲಿ. ಕರಗಿ ಹೋಗುವಾಗ ಸಲೀಸು, ನಿಮ್ಮ ದೀಪ ಹತ್ತುತ್ತದೆ. ಚಾರ್ಜಿಗೆ ಹಾಕಿ ಕರೆದಾಗ ಮೇಲ್ಮೈಯಲ್ಲಿ ಎಲ್ಲಿ ತುಸು ಉಬ್ಬಿದೆಯೋ ಅಲ್ಲಿ ವಿದ್ಯುತ್ತಿನ ಸೆಳೆತ ಜಾಸ್ತಿ. ನಮ್ಮವರೆಲ್ಲ ಅಲ್ಲೇ ಮುಗಿಬೀಳುತ್ತಾರೆ. ಉಬ್ಬು ಮುಳ್ಳಾಗಿ, ನಡುವಿನ ಪರದೆ ಚುಚ್ಚಿ ಆಚೆ ಮುಟ್ಟಿತೋ, ಶಾರ್ಟು. ಜತೆಗೆ ನೀರು ಮೈಮೇಲೆ ಒಡೆದು ಹೈಡ್ರೋಜನ್ ಬಿಡುತ್ತದೆ. ಸುತ್ತ ಕ್ಷಾರ ಏರುತ್ತದೆ. ಸಲ್ಫೇಟ್ ದ್ರಾವಣವಾದರೆ ಬಿಳಿ ಹಕ್ಕಳೆ ಕಟ್ಟಿಕೊಳ್ಳುತ್ತದೆ. ಅದರಡಿ ಸಿಕ್ಕಿಬಿದ್ದ ನಾನು ಇದ್ದೂ ಇಲ್ಲದ ಲೆಕ್ಕ.

ಸಲ್ಫೇಟ್ ಅಂದರೆ, ತೋಟಕ್ಕೆ ಹಾಕುವ ಜಿಂಕ್ ಸಲ್ಫೇಟಾ?

ಅದೇ. ಕರಗಿದ ಲೋಹ ಮತ್ತೆ ಬಂದು ಕೂರುವ ಈ ವಿದ್ಯೆ ನಿಮಗೆ ಹೊಸತೇನಲ್ಲ. ಕೊಳೆ ಔಷಧಿ ಕಲಸುವಾಗ ಕತ್ತಿ ಅದ್ದಿ ನೋಡುತ್ತೀರಲ್ಲ, ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ? ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವುದು ಅದು. 1836ರಲ್ಲಿ ಲಂಡನ್ನಿನ ವಿಜ್ಞಾನಿ ಡೇನಿಯಲ್, ಕತ್ತಿಯ ಜಾಗದಲ್ಲಿ ನನ್ನನ್ನಿಟ್ಟು, ನಡುವೆ ತಡೆ ಕಟ್ಟಿ 1.1 ವೋಲ್ಟ್ ಇಳಿಸಿಕೊಂಡ. ನೀವು ಕತ್ತಿ ಒರೆಸಿಕೊಂಡು ಅಡಿಕೆ ಕೊನೆಗೆ ಕೊಟ್ಟೆ ಕಟ್ಟಲು ಹೋದಿರಿ.

ನಿಮ್ಮನ್ನು ಸರಿದಾರಿಗೆ ತರಲು ವಿಜ್ಞಾನಿಗಳು ಹೆಣಗುತ್ತಿದ್ದಾರಲ್ಲ?

ಉಪಚಾರಕ್ಕೇನೂ ಕಡಿಮೆಯಿಲ್ಲ. 2017ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದವರು ನನ್ನನ್ನು ಸ್ಪಂಜು ಮಾಡಿದರು. ಒಂದೇ ಕಡೆ ನೂಕುನುಗ್ಗಲು ಬೇಡ ಅಂತ. ಅದು ಬುದ್ಧಿವಂತಿಕೆ, ಒಪ್ಪಿದೆ. 2019ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಗ್ರಾಫೀನ್ ಚಾಪೆ ಹಾಸಿ, ಮುಳ್ಳಾಗಿ ನಿಲ್ಲಬೇಡ, ಅಡ್ಡ ಮಲಗು ಎಂದರು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರದ್ದು ಮಾತ್ರ ಕೇಳಿ: ನನ್ನ ಉಪ್ಪು 1 ಪಾಲು, ಲಿಥಿಯಂ ಉಪ್ಪು 20 ಪಾಲು! ನೀರು ಅದರ ಬೆನ್ನು ಹತ್ತಿತು, ನನಗೆ ನೆಮ್ಮದಿ ಸಿಕ್ಕಿತು, ನಿಜ. ಆದರೆ ಲಿಥಿಯಂ ದುಬಾರಿ ಅಂತಲ್ಲವೇ ನನ್ನನ್ನು ಕರೆದದ್ದು?

ಸಾವಿರಾರು ಗಂಟೆ ಬಾಳಿದಿರಿ ಎಂದು ಪ್ರಬಂಧಗಳು ಹೇಳುತ್ತವೆ.

(ನಗು) ಬಾಳದೆ ಏನು? 0.1 ಮಿಲಿಮೀಟರ್ ದಪ್ಪದ ತಗಡು ಅಂದರೆ ಚದರ ಸೆಂಟಿಮೀಟರಿಗೆ 58 ಮಿಲಿ ಆಂಪಿಯರ್-ಅವರ್ ಸರಕು. ಪ್ರತಿ ಸುತ್ತಿಗೆ 1 ತೆಗೆದು 1 ಹಾಕಿದರೆ ನನ್ನ ಮೈಯ ಶೇ 2 ಕೂಡ ಕೆಲಸ ಮಾಡಿಲ್ಲ. ನೂರು ಮರದ ತೋಟದಲ್ಲಿ ಕೊನೆಗೌಡ ಎರಡೂ ತುಂಬದಷ್ಟು ಮರ ಹತ್ತಿಳಿದು, ‘ವರ್ಷವಿಡೀ ಒಂದು ದಿನವೂ ಸುಸ್ತಾಗಲಿಲ್ಲ’ ಅಂದರೆ ಯಜಮಾನರು ಸನ್ಮಾನ ಮಾಡುತ್ತಾರಾ? ತಗಡು ತೆಳುವಾಗಲಿ, ಅರ್ಧವಾದರೂ ಕರಗಿಸಿ ಕರೆಯಲಿ, ದ್ರಾವಣ ಚಮಚೆಯಷ್ಟೇ ಇರಲಿ. ಆಮೇಲೆ ಗಂಟೆ ಎಣಿಸಲಿ.

ಅಲ್ಲಿಯವರೆಗೆ ಏನು ಮಾಡಿಕೊಂಡಿರುತ್ತೀರಿ?

ಸಿರ್ಸಿ ಪೇಟೆಯಿಂದ ಬಂದ ತಗಡು ನಿಮ್ಮ ಕೊಟ್ಟಿಗೆಯ ಮಾಡಿಗಿದೆಯಲ್ಲ, ಅದರ ಲೇಪ ನಾನೇ. ಕಬ್ಬಿಣ ತುಕ್ಕು ಹಿಡಿಯಬಾರದೆಂದು ಮಳೆಗೆ ಮೊದಲು ನಾನು ಸವೆಯುತ್ತೇನೆ. ಆ ನೌಕರಿ ಎಷ್ಟೋ ಸುಖ. ಸವೆದವನನ್ನು ರಾತ್ರಿ ಚಾರ್ಜಿಗೆ ಹಾಕಿ, ‘ಹೊರಟ ಜಾಗಕ್ಕೇ ಬಂದು ಕೂರು’ ಎಂದು ಯಾರೂ ಹೇಳುವುದಿಲ್ಲ.