ಮನೆ ಸೇಫು, ದಾರಿ ನಿಮ್ಮ ಹಣೆಬರಹ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಸುತ್ತಮುತ್ತ ಬಾಡಿಗೆ ಮನೆ ಹುಡುಕುವ ಹೆಣ್ಣುಮಕ್ಕಳಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: 'ಗಾಡಿ ಇದೆಯಾ?' ಏನು ಓದುತ್ತೀ, ಯಾವ ಊರು ಅನ್ನುವುದೆಲ್ಲ ಆಮೇಲೆ.

ಇಲ್ಲ ಅಂದರೆ ಒಂದು ಮರುಕದ ನೋಟ. ಪಾಪ ಅನ್ನುವ ಉದ್ಗಾರ. ಅಲ್ಲಿಗೆ ಮಾತು ಮುಗಿಯಿತು.

ಇದೇ ಊರಿನಲ್ಲಿ ಸರ್ಕಾರ ಬಾಯಿ ತುಂಬ ಉಪದೇಶ ಮಾಡುತ್ತದೆ. ಸ್ವಂತ ವಾಹನ ಬಿಡಿ, ಬಸ್ಸು ಹತ್ತಿ, ಮೆಟ್ರೊ ಹತ್ತಿ. ಮಂತ್ರಿಗಳೂ ಹೇಳುತ್ತಾರೆ, ಹಿಂದೆ ಮುಂದೆ ಎಸ್ಕಾರ್ಟ್ ಇಟ್ಟುಕೊಂಡು. ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿರುವವರು ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಮಾತ್ರ. ಅವರಿಗೆ ಊರು ಕೊಡುತ್ತಿರುವ ಬಹುಮಾನ, ಮುಚ್ಚಿದ ಬಾಗಿಲು.

ನನ್ನ ಅಕ್ಕನ ಮಗಳು ಎಂಎಸ್ಸಿಗೆ ಸೇರಿದಳು. ಹಾಸ್ಟೆಲ್ ಸಿಗಲಿಲ್ಲ. ಚಿತ್ರದುರ್ಗದ ಕಡೆಯ ಹುಡುಗಿ, ಬೆಂಗಳೂರಿನಲ್ಲಿ ಇರುವವನು ನಾನೊಬ್ಬ ಮಾವ. ಇಬ್ಬರೂ ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿ ಅಂತ ಅಲೆದೆವು. ನಾಗರಬಾವಿಯಲ್ಲಿ ಒಂದು ಮನೆ ಹಿಡಿಸಿತು. ಎರಡನೇ ಮಹಡಿ, ಕಿಟಕಿಗೆಲ್ಲ ಗ್ರಿಲ್ಲು, ಗೇಟಿಗೆ ಎರಡು ಬೀಗ, ಮೂಲೆಮೂಲೆಗೆ ಕ್ಯಾಮೆರಾ. ಬಾಗಿಲ ಮೇಲೆ ಒಂದು ನರಸಿಂಹಸ್ವಾಮಿ ಫೋಟೊ, ಅದರ ಪಕ್ಕದಲ್ಲೂ ಒಂದು ಕ್ಯಾಮೆರಾ. ದೇವರ ಮೇಲೂ ಪೂರ್ತಿ ಭರವಸೆ ಇಲ್ಲ.

'ನಮ್ಮ ಮನೆ ನೂರಕ್ಕೆ ನೂರು ಸೇಫ್ ಸಾರ್. ಒಂಬತ್ತಕ್ಕೆ ಗೇಟಿಗೆ ಬೀಗ' ಅಂದರು ಓನರ್.

'ಲೈಬ್ರರಿಯಿಂದ ಬರೋದು ಲೇಟಾದ್ರೆ ಅಂಕಲ್?'

'ಯಾಕಮ್ಮ ಲೇಟಾಗಬೇಕು?'

ಅವಳು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಬಸ್ ಸ್ಟಾಪಿನಿಂದ ಇಲ್ಲಿಯವರೆಗೆ ಬೀದಿದೀಪ ಒಂದೂ ಉರಿಯುತ್ತಿಲ್ಲವಲ್ಲ, ಪಕ್ಕದಲ್ಲಿ ಎರಡು ಖಾಲಿ ಸೈಟು ಬೇರೆ, ಅಂದೆ. 'ಅದು ಕಾರ್ಪೊರೇಷನ್‌ನೋರು ನೋಡ್ಕೋಬೇಕು ಸಾರ್. ನಮ್ಮ ಜವಾಬ್ದಾರಿ ಗೇಟಿಂದ ಒಳಗೆ. ಒಂದು ಸ್ಕೂಟಿ ಕೊಡಿಸಿಬಿಡಿ, ಎಲ್ಲಾ ಸರಿಹೋಗುತ್ತೆ.' ಆಮೇಲೆ ದನಿ ತಗ್ಗಿಸಿ, 'ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?'

ಸೇಫ್ಟಿಗೂ ಪೈಕಿಗೂ ಏನು ಸಂಬಂಧವೋ ನರಸಿಂಹಸ್ವಾಮಿಯೇ ಬಲ್ಲ.

ಕಾರ್ಪೊರೇಷನ್ ಅಂದರಲ್ಲ, ಅದೀಗ ಒಂದಲ್ಲ, ಐದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆ. ಬೋರ್ಡು ಹೊಸದು, ಸೀಲು ಹೊಸದು. ಕಂಬ ಹಳೆಯದು, ಕತ್ತಲೆಯೂ ಹಳೆಯದು.

ಅಡ್ವಾನ್ಸಿನ ಮಾತು ಕೇಳಬೇಡಿ. ಹತ್ತು ತಿಂಗಳ ಬಾಡಿಗೆ ಮುಂಗಡ ಇಡುವುದು ಈ ಊರಿನ ಹಳೇ ರೂಢಿ. ಈಗ ದಯಾವಂತರು ಐದಾರಕ್ಕೆ ಇಳಿಯುತ್ತಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಹೆಚ್ಚು ಕೇಳಬಾರದು ಅನ್ನುತ್ತದೆ. ಅದು ರಾಜ್ಯಗಳು ಒಪ್ಪಿಕೊಂಡರೆ ತಾನೇ. ಇನ್ನು ಕರಾರು ಹನ್ನೊಂದು ತಿಂಗಳದ್ದು, ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಲ್ಲ. ಕಾನೂನಿನಿಂದ ತಪ್ಪಿಸಿಕೊಳ್ಳುವ ವಿಷಯದಲ್ಲಿ ನಮ್ಮ ಓನರ್‌ಗಳಷ್ಟು ಕಾನೂನು ಬಲ್ಲವರು ಇಲ್ಲ. ಮನೆಯ ಜೊತೆ ಕಾರ್ ಪಾರ್ಕಿಂಗ್ ಬೇರೆ ಇರುತ್ತದೆ. ಕಾರಿಲ್ಲದವರೂ ಅದರ ಬಾಡಿಗೆ ಸೇರಿಸಿಯೇ ಕೊಡಬೇಕು.

ಮನೆ ಬೇಡ, ಪಿಜಿ ನೋಡಿ ಅಂದರು ಕೆಲವರು. ನೋಡಿದೆವು.

2024ರ ಜುಲೈಯಲ್ಲಿ ಕೋರಮಂಗಲದ ಪಿಜಿಯೊಂದಕ್ಕೆ ನುಗ್ಗಿದವನೊಬ್ಬ ಯುವತಿಯೊಬ್ಬಳನ್ನು ಕೊಂದ ಮೇಲೆ ಪಾಲಿಕೆಗೆ ಎಚ್ಚರವಾಯಿತು. ಮಾರ್ಗಸೂಚಿ ಬಂತು. ಒಬ್ಬೊಬ್ಬರಿಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಕ್ಯಾಮೆರಾ, ಕಾವಲುಗಾರ, ಅಡುಗೆಮನೆಗೆ ಲೈಸೆನ್ಸು. ಒಳ್ಳೆಯ ನಿಯಮಗಳೇ. ನಾವು ನೋಡಿದ ಒಂದು ಪಿಜಿಯಲ್ಲಿ ಮಂಚಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ತೆಗೆಯಬೇಕಾದರೆ ಒಬ್ಬಳು ಎದ್ದು ಕಾಲು ಮಡಚಬೇಕು. ಕ್ಯಾಮೆರಾ ಮಾತ್ರ ಫಳಫಳ ಹೊಳೆಯುತ್ತಿತ್ತು. ಅದರ ಮುಖ ಒಳಗೆ ಬರುವ ಹುಡುಗಿಯರ ಕಡೆಗಿತ್ತು, ಬೀದಿಯ ಕಡೆಗಲ್ಲ.

ಇಷ್ಟೂ ನಿಯಮ ಗೇಟಿನ ಒಳಗಿನದು. ಗೇಟಿನ ಹೊರಗೆ ಏನು? ವಿಶ್ವವಿದ್ಯಾಲಯದ ಗೇಟಿನವರೆಗೆ ವಿಶ್ವವಿದ್ಯಾಲಯ ಕಾಯುತ್ತದೆ, ಪಿಜಿಯ ಗೇಟಿನಿಂದ ಪಿಜಿಯವರು ಕಾಯುತ್ತಾರೆ. ನಡುವಿನ ಒಂದೆರಡು ಕಿಲೋಮೀಟರಿಗೆ ವಾರಸುದಾರರೇ ಇಲ್ಲ. ಹುಡುಗಿ ಭಯಪಡುವುದು ಅಲ್ಲಿ. ನಾವು ಬೀಗ ಹಾಕುವುದು ಇಲ್ಲಿ.

ಬಸ್ಸಿದೆಯಲ್ಲ ಅಂತೀರಿ. ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ನಾನು ಆ ಯೋಜನೆಯನ್ನು ಹಳಿಯುವ ಪೈಕಿಯಲ್ಲ. ಹಳಿಯುವವರು ಬಹುತೇಕ ಕಾರಿನಲ್ಲಿ ಓಡಾಡುವವರೇ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಟಿಕೆಟ್ ಬಿಟ್ಟಿ ಕೊಟ್ಟವರು ರಾತ್ರಿ ಬಡಾವಣೆಯ ಒಳರಸ್ತೆಗೆ ಬಸ್ಸು ಕೊಡಲಿಲ್ಲ.

ಮೆಟ್ರೊ? 2021ರಲ್ಲಿ ಕೆಂಗೇರಿಯವರೆಗೆ ಬಂತು. ನಿಲ್ದಾಣಕ್ಕೆ ಜ್ಞಾನಭಾರತಿ ಅಂತಲೇ ಹೆಸರು. ಅದು ನಿಂತಿರುವುದು ಮೈಸೂರು ರಸ್ತೆಯ ಮೇಲೆ. ವಿಶ್ವವಿದ್ಯಾಲಯದ್ದು ಸಾವಿರ ಎಕರೆಗೂ ಮೀರಿದ ಆವರಣ. ಇಳಿದವಳಿಗೆ ತನ್ನ ವಿಭಾಗ ಇನ್ನೂ ದೂರ, ನಾಗರಬಾವಿಯ ಮನೆ ಇನ್ನೂ ಅತ್ತತ್ತ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಸಾರ್ವಜನಿಕ ಸಾರಿಗೆ ಬಳಸಿ ಅನ್ನುವ ಉಪದೇಶದ ದರ ಮಾತ್ರ ಏರಲಿಲ್ಲ, ಅದು ಈಗಲೂ ಪುಕ್ಕಟೆ.

ಆಟೊ ಮೀಟರು 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಕಾಗದದ ಮೇಲೆ. ಕತ್ತಲಾದ ಮೇಲೆ ಕೇಳಿ ನೋಡಿ: 'ಆ ಕಡೆ ಬರಲ್ಲ ಮೇಡಂ, ವಾಪಸ್ ಖಾಲಿ ಬರಬೇಕು. ನೂರೈವತ್ತು ಕೊಡ್ತೀರಾ?' ಬೈಕ್ ಟ್ಯಾಕ್ಸಿಯನ್ನು 2025ರ ಜೂನ್‌ನಲ್ಲಿ ಹೈಕೋರ್ಟ್ ಆದೇಶದ ಮೇಲೆ ನಿಲ್ಲಿಸಿದರು. ಯಾಕೆಂದರೆ ಅದಕ್ಕೆ ಸರ್ಕಾರ ನಿಯಮ ರೂಪಿಸಿರಲಿಲ್ಲ. ನಿಯಮ ರೂಪಿಸಬೇಕಾದವರು ಯಾರು? ಸರ್ಕಾರ. ನಿಯಮವಿಲ್ಲ ಅಂತ ಗಾಡಿ ಹಿಡಿದವರು ಯಾರು? ಅದೇ ಸರ್ಕಾರದ ಸಾರಿಗೆ ಇಲಾಖೆ.

ನಡೆದುಕೊಂಡು ಹೋಗಲಿ ಅನ್ನಬಹುದು. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಅದರ ಪಕ್ಕ ಕಸದ ರಾಶಿ, ಅದರ ಪಕ್ಕ ನಿಲ್ಲಿಸಿದ ಕಾರು, ಉಳಿದ ಜಾಗದಲ್ಲಿ ಹಾರ್ನ್ ಹೊಡೆದುಕೊಂಡು ಬರುವ ಬೈಕು. ಕಾಲೊಂದನ್ನು ಬಿಟ್ಟು ಮಿಕ್ಕ ಎಲ್ಲಕ್ಕೂ ಜಾಗವಿದೆ.

ಇಷ್ಟಕ್ಕೂ ಇದನ್ನೆಲ್ಲ ಯಾರೂ ಯೋಚಿಸಿಲ್ಲವೇ? ಯೋಚಿಸಿದ್ದಾರೆ, ಅಚ್ಚು ಕೂಡ ಹಾಕಿಸಿದ್ದಾರೆ. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ 2015ರ ನಿಯಮಾವಳಿ ಅಂತ ಒಂದಿದೆ. ಸುರಕ್ಷತೆಯ ನೆಪ ಹೇಳಿ ಹಾಸ್ಟೆಲ್ಲಿನ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಲ್ಲದ ಕಟ್ಟುಪಾಡು ಹಾಕಕೂಡದು ಅಂತ ಅದರಲ್ಲಿದೆ. ಕಾವಲು ಅಂದರೆ ಓಡಾಟ ಮೊಟಕು ಮಾಡುವುದಲ್ಲ ಅಂತಲೂ ಇದೆ. ಅಷ್ಟೇ ಅಲ್ಲ: ಆವರಣದಲ್ಲಿ ಸಾಕಷ್ಟು ಬೆಳಕು ಬೇಕು, ದೊಡ್ಡ ಆವರಣಗಳಲ್ಲಿ ನಂಬಿಕೆಗೆ ಅರ್ಹವಾದ ಸಾರಿಗೆ ಬೇಕು, ವಿದ್ಯಾರ್ಥಿಗಳು ತಡರಾತ್ರಿ ಲೈಬ್ರರಿಯಲ್ಲಿ, ಪ್ರಯೋಗಾಲಯದಲ್ಲಿ ಕೆಲಸ ಮಾಡುವಂತಾಗಬೇಕು.

ತಡರಾತ್ರಿ ಲೈಬ್ರರಿ! ಇದನ್ನು ಬರೆದವರು ನಮ್ಮ ಓನರ್ ಅವರನ್ನು ಭೇಟಿಯಾಗಿಲ್ಲ.

ಸಂಜೆಗತ್ತಲಿಗೆ ಹುಡುಗಿಯರನ್ನು ಒಳಗೆ ಕೂಡಿ ಹಾಜರಿ ತೆಗೆಯುವ ಹಾಸ್ಟೆಲ್‌ಗಳು ರಾಜ್ಯದ ತುಂಬ ಇವೆ. ಹುಡುಗರ ಹಾಸ್ಟೆಲ್ ಗೇಟಿಗೆ ಬೀಗ ಬೇಡ. ಭಯ ಹುಡುಗರಿಂದ, ಬೀಗ ಹುಡುಗಿಯರಿಗೆ. ಈ ತರ್ಕಕ್ಕೆ ಯಾವ ವಿಶ್ವವಿದ್ಯಾಲಯದಲ್ಲೂ ಪಿಎಚ್‌ಡಿ ಸಿಗುತ್ತದೆ.

2012ರಲ್ಲಿ ಜ್ಞಾನಭಾರತಿ ಆವರಣದಲ್ಲೇ ಕಾನೂನು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಹತ್ತು ವರ್ಷದ ಮೇಲೆ, 2022ರ ಅಕ್ಟೋಬರಿನಲ್ಲಿ, ಅದೇ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳು ಬಿಎಂಟಿಸಿ ಬಸ್ಸಿನಡಿ ಸಿಕ್ಕಿದಳು, ಉಳಿಯಲಿಲ್ಲ. ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂತು ಕೇಳಿದ್ದು ಸಣ್ಣ ವಿಷಯ. ನಮ್ಮ ಕ್ಯಾಂಪಸ್ಸನ್ನು ಊರವರ ಅಡ್ಡದಾರಿ ಮಾಡಬೇಡಿ ಅಂತ. ಹೊರಗಿನ ವಾಹನಗಳಿಗೆ ಟೈಮಿಂಗ್ಸ್ ಇಲ್ಲ ನೋಡಿ. ಅದೇನಿದ್ದರೂ ಒಳಗಿನ ಹುಡುಗಿಯರಿಗೆ.

ಇನ್ನು ಸರ್ಕಾರದ ಧೈರ್ಯ ಕೇಳಿ. 2025ರ ಏಪ್ರಿಲ್‌ನಲ್ಲಿ ಬಿಟಿಎಂ ಬಡಾವಣೆಯ ಒಂದು ಬೀದಿಯಲ್ಲಿ ನಡೆದು ಹೋಗುತ್ತಿದ್ದ ಯುವತಿಯ ಮೇಲೆ ಒಬ್ಬ ಕೈಹಾಕಿದ. ಇಷ್ಟು ದೊಡ್ಡ ಊರಿನಲ್ಲಿ ಅಲ್ಲೊಂದು ಇಲ್ಲೊಂದು ಇಂಥದ್ದು ಆಗುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದರು ಗೃಹ ಸಚಿವ ಪರಮೇಶ್ವರ್. ಆಮೇಲೆ ವಿಷಾದವನ್ನೂ ಹೇಳಿದರು. ಆ ಬೀದಿಯ ದೃಶ್ಯ ಸಿಸಿಟಿವಿಯಲ್ಲಿ ಸ್ಪಷ್ಟವಾಗಿ ಸಿಕ್ಕಿತ್ತು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಈ ಊರಿಗೆ ಸಾವಿರಾರು ಕ್ಯಾಮೆರಾ ಬಂದಿವೆ. ಆದದ್ದನ್ನು ಟೀವಿಯಲ್ಲಿ ತೋರಿಸಲು ಅನುಕೂಲ. ಆಗದಂತೆ ನೋಡಿಕೊಳ್ಳಲು ದೀಪ ಬೇಕು, ಬಸ್ಸು ಬೇಕು, ಜನ ಓಡಾಡುವ ಫುಟ್‌ಪಾತ್ ಬೇಕು. ಅವಕ್ಕೆ ಉದ್ಘಾಟನೆಯ ರಿಬ್ಬನ್ ಕಟ್ಟುವುದು ಕಷ್ಟ.

ಕೊನೆಗೆ ಅಕ್ಕ ಬಳೆ ಅಡವಿಟ್ಟು ಸೆಕೆಂಡ್ ಹ್ಯಾಂಡ್ ಸ್ಕೂಟಿ ಕೊಡಿಸಿದಳು. ನೆಂಟರೆಲ್ಲ 'ಈಗ ಸಮಾಧಾನ' ಅಂದರು. ಈಗಾಗಲೇ ಗಾಡಿಗಳಿಂದ ಗಿಜಿಗುಡುವ ಊರಿಗೆ ಇನ್ನೊಂದು ಗಾಡಿ ಸೇರಿತು, ಬಸ್ಸಿನಲ್ಲಿ ಬಿಟ್ಟಿ ಓಡಾಡಬಹುದಾದ ಹುಡುಗಿ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತಳು. ನಾಗರಬಾವಿಯ ಓನರ್‌ಗೆ ಫೋನ್ ಮಾಡಿದೆ. ಮನೆ ಕೊಡಲು ಈಗ ಅಭ್ಯಂತರವಿಲ್ಲವಂತೆ. ಕಾರಿನ ಜಾಗ ಬಾಡಿಗೆಯಲ್ಲೇ ಸೇರಿದೆ, ಆದರೆ ಅಲ್ಲಿ ಅವರದೇ ಎರಡನೇ ಕಾರು ನಿಂತಿದೆಯಂತೆ. ಸ್ಕೂಟಿಯನ್ನು ಗೇಟಿನ ಹೊರಗೆ, ರಸ್ತೆಯಲ್ಲಿ ನಿಲ್ಲಿಸಿಕೊಳ್ಳಬೇಕು. ಕಳುವಾದರೆ ಅವರು ಜವಾಬ್ದಾರರಲ್ಲ.