ಒಂಬತ್ತರಿಂದ ಭಾಗ ಹೋದರೆ

ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯನ್ನು ನಾನು ಎಣಿಸುವುದಿಲ್ಲ. ನನ್ನ ಹೆಂಡತಿ ಇದನ್ನು ಸೋಮಾರಿತನ ಅನ್ನುತ್ತಾಳೆ. ಅಲ್ಲ, ಇದೊಂದು ವ್ರತ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ 34 ವರ್ಷ ಕೂತು ಎದ್ದವನು ನಾನು. ಕೊಟ್ಟ ದುಡ್ಡನ್ನು ನನ್ನೆದುರೇ ಮೂರು ಸಲ ಎಣಿಸಿ, ಬೆಳಕಿಗೆ ಹಿಡಿದು, ಕಡೆಗೆ ನನ್ನ ಮುಖವನ್ನೂ ಒಮ್ಮೆ ಬೆಳಕಿಗೆ ಹಿಡಿದವರ ಹಾಗೆ ನೋಡಿ ಹೋಗುತ್ತಿದ್ದವರು ಎಷ್ಟು ಜನವೋ. ನೋಟು ಸಾಕಾಗಿರಲಿಲ್ಲ, ಆ ನೋಟ ಸಾಕಾಗಿತ್ತು. ನಿವೃತ್ತನಾದ ದಿನವೇ ತೀರ್ಮಾನಿಸಿದೆ: ಗಲ್ಲಾದ ಹಿಂದೆ ಕೂತ ಯಾವ ಜೀವವನ್ನೂ ನಾನು ಹಾಗೆ ನೋಡಬಾರದು. ಕೊಟ್ಟಿದ್ದನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಡುವುದು.

1986ರಲ್ಲಿ ಕೆಲಸಕ್ಕೆ ಸೇರಿದಾಗ ತಿಪಟೂರಿಗೆ ಹಾಕಿದರು. ಕೊಬ್ಬರಿಯ ಊರು. ಹರಾಜಿನ ಮಾರನೇ ದಿನ ಕೌಂಟರಿಗೆ ಬರುವ ನೋಟಿಗೆಲ್ಲ ಎಣ್ಣೆಯ ಜಿಡ್ಡು. ಹೊಸದಾಗಿ ಮದುವೆಯಾದವರ ಹಾಗೆ ಎರಡೆರಡು ಅಂಟಿಕೊಂಡು ಕೂತಿರುತ್ತಿದ್ದವು. ಎಣಿಸುವ ಮೆಷಿನ್ನು ನಮ್ಮ ಶಾಖೆಯ ಕಡೆ ಮುಖ ಹಾಕದ ಕಾಲ. ಇದ್ದದ್ದು ಒದ್ದೆ ಸ್ಪಂಜಿನ ಡಬ್ಬಿ ಮತ್ತು ಹೆಬ್ಬೆರಳು. ನೂರು ನೋಟಿಗೆ ಒಂದು ಪ್ಯಾಕೆಟ್ಟು, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲು. ಪ್ಯಾಕೆಟ್ಟಿಗೆ ಪಿನ್ ಹೊಡೆಯುವುದನ್ನು ರಿಸರ್ವ್ ಬ್ಯಾಂಕು ನಿಲ್ಲಿಸಿ ಎಂದದ್ದು 2001ರಲ್ಲಿ. ಅಲ್ಲಿಯವರೆಗೆ ಪಿನ್ ಕಿತ್ತೂ ಕಿತ್ತೂ ನನ್ನ ಉಗುರಿನ ಸಂದಿ ಹೊಲಿಗೆ ಬಿಟ್ಟ ಗೋಣಿಚೀಲದಂತಾಗಿತ್ತು. ರಾತ್ರಿ ನಿದ್ದೆಯಲ್ಲೂ ಎಣಿಸುತ್ತಿದ್ದೆನಂತೆ. "ಎಣಿಸಿದ್ರೆ ಎಣಿಸ್ಕೊಳ್ಳಿ, ತೊಂಬತ್ತೇಳಕ್ಕೇ ನಿಲ್ಲಿಸ್ತಿದ್ರಿ. ಉಳಿದ ಮೂರು ಎಲ್ಲಿ ಹೋಯ್ತು ಅಂತ ನಂಗೆ ನಿದ್ದೆ ಬರ್ತಿರಲಿಲ್ಲ," ಎಂದು ಅವಳು ಇಂದಿಗೂ ದೂರುತ್ತಾಳೆ.

ಸೇರಿದ ಮರುವರ್ಷ ಒಂದು ಸಂಜೆ ಲೆಕ್ಕ ಕೂಡಲಿಲ್ಲ. ಪುಸ್ತಕದ ಪ್ರಕಾರ ಇರಬೇಕಾದ್ದಕ್ಕಿಂತ ಪೆಟ್ಟಿಗೆಯಲ್ಲಿ ₹4,500 ಕಮ್ಮಿ. ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಕಮ್ಮಿ ಬಿದ್ದರೆ ಕ್ಯಾಷಿಯರ್ ಅವತ್ತೇ ಕೈಯಿಂದ ಕಟ್ಟಬೇಕು, ಅದು ನಿಯಮ. ಜಾಸ್ತಿ ಬಂದರೆ? ಅದು ಬ್ಯಾಂಕಿನ ಸಂಡ್ರಿ ಖಾತೆಗೆ. ಕಮ್ಮಿಯೆಲ್ಲ ನಮ್ಮದು, ಜಾಸ್ತಿಯೆಲ್ಲ ಅವರದು. ಅತ್ತೆ ಮನೆಯ ಲೆಕ್ಕ.

ಕ್ಯಾಷ್ ಕೂಡದೆ ಸ್ಟ್ರಾಂಗ್ ರೂಮಿನ ಬಾಗಿಲು ಹಾಕುವಂತಿಲ್ಲ. ಅದಕ್ಕೆ ಎರಡು ಬೀಗದ ಕೈ. ಒಂದನ್ನು ಇಟ್ಟುಕೊಂಡಿದ್ದ ಆಫೀಸರು ಅರಸೀಕೆರೆಗೆ ರೈಲು ಹಿಡಿಯಬೇಕು. ಅವರು ಗಡಿಯಾರ ನೋಡುವುದು, ನನ್ನನ್ನು ನೋಡುವುದು, ಮತ್ತೆ ಗಡಿಯಾರ. ಉಳಿದವರು ಬಚ್ಚಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ "ಸಿಕ್ತಾ?" ಅನ್ನುವರು. ಜವಾನ ಕಸದ ಬುಟ್ಟಿ ಬೋರಲು ಹಾಕಿ ಕಡಲೆಕಾಯಿ ಸಿಪ್ಪೆಯ ನಡುವೆ ಬ್ಯಾಂಕಿನ ಆಸ್ತಿಯನ್ನು ಹುಡುಕುತ್ತಿದ್ದ. ಪಕ್ಕದ ಕೌಂಟರಿನ ಗೆಳೆಯ ಹತ್ತಿರ ಬಂದು ದನಿ ತಗ್ಗಿಸಿ, "ಮನೇಲಿ ಏನಾದ್ರೂ ದುಡ್ಡಿನ ಅಡಚಣೆನಾ?" ಎಂದ. ಪಾಪ, ಕಾಳಜಿಯಿಂದಲೇ ಕೇಳಿದ್ದು. ಇವೆಲ್ಲಕ್ಕಿಂತ ನಡುಕ ಹುಟ್ಟಿಸಿದ್ದು ಮ್ಯಾನೇಜರರ ಮಾತು: "ನಿಮ್ಮ ಮೇಲೆ ನಂಗೆ ಪೂರ್ತಿ ನಂಬಿಕೆ ಇದೆ ಕಣ್ರೀ." ಲೆಕ್ಕ ಸರಿಹೋದ ಒಂದು ದಿನವೂ ಅವರು ಈ ಮಾತು ಹೇಳಿದವರಲ್ಲ.

ಆಗ ಹೆಡ್ ಕ್ಯಾಷಿಯರ್ ನಿಧಾನಕ್ಕೆ ಎದ್ದು ಬಂದರು. ನಿವೃತ್ತಿಗೆ ಎರಡು ವರ್ಷವಿದ್ದ ಹಿರಿಯರು. ಚಿಟಿಕೆ ನಶ್ಯ ಏರಿಸಿ, "ಎಷ್ಟಯ್ಯ?" ಎಂದರು. ಹೇಳಿದೆ. "ಒಂಬತ್ತರಿಂದ ಭಾಗ ಹೋಗುತ್ತೇನೋ ನೋಡು."

ಹೋಯಿತು. ಸರಿಯಾಗಿ 500.

"ಹಾಗಾದ್ರೆ ದುಡ್ಡು ಎಲ್ಲೂ ಹೋಗಿಲ್ಲ. ಅಂಕಿ ಹಿಂದುಮುಂದಾಗಿದೆ, ಇಲ್ಲವೇ ಎಲ್ಲೋ ಒಂದು ಸೊನ್ನೆ ಹೆಚ್ಚುಕಮ್ಮಿ ಆಗಿದೆ. ಹತ್ತರಲ್ಲಿ ಒಂದು ಕಳೆದ್ರೆ ಒಂಬತ್ತೇ ತಾನೇ? ವೋಚರ್ ತೆಗಿ."

ಮೂವತ್ತೆಂಟನೆಯ ವೋಚರಿನಲ್ಲಿ ಸಿಕ್ಕಿತು. ₹7,250 ಕೊಟ್ಟು ಪುಸ್ತಕದಲ್ಲಿ ₹2,750 ಎಂದು ಬರೆದಿದ್ದೆ. ಏಳೂ ಎರಡೂ ಜಾಗ ಬದಲಿಸಿಕೊಂಡು ಸಂಜೆಯೆಲ್ಲ ನನ್ನನ್ನು ಕಳ್ಳನನ್ನಾಗಿ ಮಾಡಿದ್ದವು. ಆಫೀಸರ ರೈಲು ಹೊರಟುಹೋಗಿತ್ತು. ಆ ರಾತ್ರಿ ಅವರು ನಮ್ಮ ಮನೆಯಲ್ಲೇ ಉಂಡು, ನನ್ನದೇ ಪಂಚೆ ಉಟ್ಟು ಮಲಗಿದರು.

ಒಂಬತ್ತರ ಸೂತ್ರ ಲೆಕ್ಕಪತ್ರ ಕಲಿತವರಿಗೆಲ್ಲ ಗೊತ್ತಿರುವುದೇ. ನನಗೆ ಮಾತ್ರ ಅಂದಿನಿಂದ ಅದು ಮಂತ್ರವಾಯಿತು. ಮನೆಯಲ್ಲಿ ಹಾಲಿನ ಲೆಕ್ಕ ತಪ್ಪಿದರೂ ಮೊದಲು ಒಂಬತ್ತರಿಂದ ಭಾಗಿಸುತ್ತಿದ್ದೆ.

ಕ್ಯಾಷಿಯರನಿಗೆ ಇನ್ನೊಂದು ಶಿಕ್ಷೆಯಿತ್ತು. ಬೆಳಿಗ್ಗೆ ಒಳಗೆ ಕಾಲಿಡುತ್ತಲೇ ಜೇಬಿನಲ್ಲಿರುವ ಸ್ವಂತ ದುಡ್ಡನ್ನು ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ನನ್ನ ಹೆಸರಿನ ಮುಂದೆ ಎಷ್ಟೋ ದಿನ ₹12 ಎಂದಿರುತ್ತಿತ್ತು. ಬೇಕೆಂದೇ ಬರಿಗೈಯಲ್ಲಿ ಹೋಗುತ್ತಿದ್ದೆ. ಇನ್ಸ್‌ಪೆಕ್ಷನ್ನಿಗೆ ಬಂದವರೊಬ್ಬರು ಅದನ್ನು ಓದಿ, ಬ್ಯಾಂಕಿನವರ ಸಂಬಳದ ಬಗ್ಗೆಯೇ ಮರುಗಿದರು. ಬಸ್ ಕಂಡಕ್ಟರಾಗಿದ್ದ ನನ್ನ ಭಾವಮೈದನದೂ ಇದೇ ಪಾಡು. ಅವನು ಡಿಪೋದಿಂದ ಹೊರಡುವ ಮುಂಚೆ ಸ್ವಂತ ಹಣವನ್ನು ವೇಬಿಲ್ಲಿನಲ್ಲಿ ಬರೆಯಬೇಕಿತ್ತು. ದಾರಿಯಲ್ಲಿ ಚೆಕಿಂಗಿನವರು ಹತ್ತಿದಾಗ ಚೀಲದಲ್ಲಿ ಕಮ್ಮಿಯಿದ್ದರೆ ಬೇಜವಾಬ್ದಾರಿ, ಜಾಸ್ತಿಯಿದ್ದರೆ ಟಿಕೆಟ್ ಕೊಡದೆ ದುಡ್ಡು ಮುಟ್ಟಿದ ಅಪರಾಧ. ಹಬ್ಬಕ್ಕೆ ಇಬ್ಬರೂ ಸೇರಿದರೆ ಉಳಿದವರು ಇಸ್ಪೀಟಾಡುತ್ತಿದ್ದರು. ನಾವು ಹಜಾರದ ಮೂಲೆಯಲ್ಲಿ ಕೂತು ಶಾರ್ಟೇಜು, ಎಕ್ಸೆಸ್ಸು ಎಂದು ಪಿಸುಗುಟ್ಟುತ್ತಿದ್ದೆವು, ಒಂದೇ ರೋಗದ ಇಬ್ಬರು ರೋಗಿಗಳ ಹಾಗೆ.

ಈ ಅನುಮಾನ ನಮ್ಮ ಊರಿನದು ಮಾತ್ರವಲ್ಲ. ಗಲ್ಲಾ ಯಂತ್ರವನ್ನು ಮೊದಲು ಮಾಡಿದವನು ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಹೆಂಡದಂಗಡಿ ಇಟ್ಟಿದ್ದ ಜೇಮ್ಸ್ ರಿಟ್ಟಿ. ಕೆಲಸದವರು ಗಲ್ಲಾಕ್ಕೆ ಕೈಹಾಕುತ್ತಾರೆಂಬ ಸಂಕಟಕ್ಕೆ 1879ರಲ್ಲಿ ಪೇಟೆಂಟು ಪಡೆದು, ಆ ಪೆಟ್ಟಿಗೆಗೆ 'ಭ್ರಷ್ಟನಾಗದ ಕ್ಯಾಷಿಯರ್' ಎಂಬ ಅರ್ಥದ ಹೆಸರಿಟ್ಟ. ಅಂದರೆ ಉಳಿದ ಕ್ಯಾಷಿಯರುಗಳೆಲ್ಲ ಏನು ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

2016ರ ನವೆಂಬರ್ 8ರ ನಂತರದ ವಾರಗಳ ಬಗ್ಗೆ ನಾನು ಮಾತಾಡುವುದಿಲ್ಲ. ಆ ಡಿಸೆಂಬರಿನೊಳಗೆ ಕೈಯಿಂದ ಕಟ್ಟಿದ್ದು ₹3,000, ಒಂಬತ್ತರಿಂದ ಭಾಗ ಹೋಗಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೊನ್ನೆ ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದೆವು. ಬಿಲ್ಲು ₹480. ಐನೂರು ಕೊಟ್ಟೆ, ಗಲ್ಲಾದ ಹುಡುಗಿ ಚಿಲ್ಲರೆ ಕೊಟ್ಟಳು, ವ್ರತದಂತೆ ಜೇಬಿಗೆ ಸೇರಿಸಿದೆ. ಅಷ್ಟರಲ್ಲಿ ಉದ್ದಿನಬೇಳೆಯ ಪೊಟ್ಟಣ ತೂತಾಗಿದೆಯೆಂದು ಹೆಂಡತಿ ಬದಲಾಯಿಸಲು ಒಳಗೆ ಹೋದಳು. ನಿವೃತ್ತ ಗಂಡಂದಿರಿಗೆಂದೇ ಬಾಗಿಲ ಬಳಿ ಹಾಕಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಕೂತೆ.

ಮೂರು ಗಂಟೆ, ಶಿಫ್ಟ್ ಬದಲಾಗುವ ಹೊತ್ತು. ಹುಡುಗಿ ಗಲ್ಲಾ ಎಣಿಸತೊಡಗಿದಳು. ಇನ್ನೂ ಇಪ್ಪತ್ತು ತುಂಬಿರಲಾರದು. ಒಂದು ಸಲ ಎಣಿಸಿದಳು. ಮತ್ತೆ ಎಣಿಸಿದಳು. ಮೂರನೆಯ ಸಲ ಎಣಿಸುವಾಗ ತುಟಿ ಅಲುಗುತ್ತಿತ್ತು. ಆಮೇಲೆ ಡ್ರಾಯರನ್ನೇ ಹೊರಕ್ಕೆಳೆದು ಅದರಡಿ ಕೈಯಾಡಿಸಿದಳು. ನನ್ನ ಹೆಬ್ಬೆರಳು ತಾನಾಗಿ ತೋರುಬೆರಳನ್ನು ಉಜ್ಜತೊಡಗಿತು. ಸೂಪರ್‌ವೈಸರ್ ಬಂದ.

"ಎಷ್ಟು?"

"ನೂರಾ ಎಂಬತ್ತು ಸಾರ್."

"ಸಂಬಳದಲ್ಲಿ ಹಿಡ್ಕೋತಾರೆ, ಅಷ್ಟೇ."

ನನ್ನಿಂದ ಕೂತಿರಲಾಗಲಿಲ್ಲ. "ಹಾಗೆಲ್ಲ ಹಿಡಿಯೋ ಹಾಗಿಲ್ಲ ಕಣಪ್ಪಾ. ಅವಳ ನಿರ್ಲಕ್ಷ್ಯ ಅಂತ ತೋರಿಸಬೇಕು, ಅವಳ ಮಾತು ಕೇಳಬೇಕು. 1936ರಲ್ಲೇ ಕಾಯ್ದೆ ಬಂದಿದೆ," ಎಂದೆ. 1936 ಎನ್ನುತ್ತಲೇ ಆತ ನನ್ನನ್ನು ಆ ಕಾಯ್ದೆಯ ಜೊತೆಗೇ ಹುಟ್ಟಿದವನೆಂಬಂತೆ ನೋಡಿದ. ನಾನು ಹುಡುಗಿಯ ಕಡೆ ತಿರುಗಿದೆ.

"ನೂರಾ ಎಂಬತ್ತು ಒಂಬತ್ತರಿಂದ ಭಾಗ ಹೋಗುತ್ತೆ ಮಗು. ಇಪ್ಪತ್ತು ಬರುತ್ತೆ. ಅಂದ್ರೆ ಒಂದು ಸೊನ್ನೆ ಹೆಚ್ಚಾಗಿದೆ. ಯಾರಿಗೋ ಇಪ್ಪತ್ತು ಕೊಡೋ ಬದಲು ಇನ್ನೂರರ ನೋಟು ಕೊಟ್ಟಿದ್ದೀಯ. ತಪ್ಪು ನಿನ್ನದಲ್ಲ, ನೋಟಿನದು. 2017ರಲ್ಲಿ ಇನ್ನೂರನ್ನ ಹಳದಿ ಮಾಡಿದ್ರು, 2019ರಲ್ಲಿ ಇಪ್ಪತ್ತಕ್ಕೂ ಹೆಚ್ಚುಕಮ್ಮಿ ಅದೇ ಬಣ್ಣ ಬಳಿದ್ರು. ಹಿಂದೆ ತಿರುಗಿಸಿ ನೋಡಬೇಕು. ಎಲ್ಲೋರದ ಗುಹೆ ಇದ್ರೆ ಇಪ್ಪತ್ತು, ಸಾಂಚಿಯ ಸ್ತೂಪ ಇದ್ರೆ ಇನ್ನೂರು."

ಕ್ಯೂನಲ್ಲಿದ್ದವರು ತಲೆದೂಗಿದರು. ಸೂಪರ್‌ವೈಸರನ ಮುಖ ಕೂಡ ಸ್ವಲ್ಪ ಸಡಿಲವಾಯಿತು. ಹುಡುಗಿಯಂತೂ ನಾನು ದೇವರೆಂಬಂತೆ ನೋಡುತ್ತಿದ್ದಳು. 34 ವರ್ಷದ ಸರ್ವಿಸಿನಲ್ಲಿ ಸಿಗದ ಚಪ್ಪಾಳೆ ಇನ್ನೇನು ಸಿಗುವುದರಲ್ಲಿತ್ತು. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ.

"ಯಾರೋ ಗಮಾರ," ಎಂದೆ, "ಕಣ್ಣುಬಿಟ್ಟು ನೋಡದೆ ಜೇಬಿಗೆ ಹಾಕ್ಕೊಂಡು ಹೋಗಿದ್ದಾನೆ."

ಹೆಂಡತಿ ಬೇಳೆ ಬದಲಾಯಿಸಿಕೊಂಡು ಬಂದಳು. "ರೀ, ಹೊರಗೆ ಕೊತ್ತಂಬರಿ ಸೊಪ್ಪು ತಾಜಾ ಇದೆ, ಇಪ್ಪತ್ತು ರೂಪಾಯಿ ಕೊಡಿ," ಎಂದಳು. ಆಗಷ್ಟೇ ಸಿಕ್ಕಿದ ಚಿಲ್ಲರೆ ಇತ್ತಲ್ಲ, ಜೇಬಿನಿಂದ ತೆಗೆದು ಕೊಟ್ಟೆ. ಅವಳು ನನ್ನ ಹಾಗೆ ವ್ರತಸ್ಥೆಯಲ್ಲ. ನೋಟನ್ನು ಬಿಡಿಸಿದಳು, ತಿರುಗಿಸಿದಳು.

ಸಾಂಚಿಯ ಸ್ತೂಪ.

ಸೂಪರ್‌ವೈಸರ್ ನೋಟನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ನೋಟನ್ನು ನೋಡಿದ. ತಿಪಟೂರಿನ ಆಫೀಸರಿಗೆ ಕನಿಷ್ಠ ಒಂದು ಗಡಿಯಾರವಾದರೂ ಇತ್ತು.

ನೋಟನ್ನು ಕೌಂಟರಿನ ಮೇಲಿಟ್ಟೆ. ಹುಡುಗಿ ಅದನ್ನು ಡ್ರಾಯರಿಗೆ ಹಾಕಿ, ಒಂದು ಇಪ್ಪತ್ತನ್ನು ತೆಗೆದು, ಎಲ್ಲೋರ ಮೇಲೆ ಬರುವಂತೆ ತಿರುಗಿಸಿ ನನ್ನ ಮುಂದಿಟ್ಟಳು.

"ಎಣಿಸ್ಕೊಳ್ಳಿ ಅಂಕಲ್," ಎಂದಳು.

ಇದ್ದದ್ದು ಒಂದೇ ನೋಟು. ಎಣಿಸಿಕೊಂಡೆ.